ಒಂದೇ ಕಿಂಡಿಯ ಲ್ಯಾಪ್‌ಟಾಪಿಗೆ ಏಳು ಕಿಂಡಿಯ ಡಬ್ಬಿ

ಟೆಕ್ಸಸ್ಸಿನ ನಮ್ಮ ಪ್ರಾಸ್ಪರ್ 2010ರ ಗಣತಿಯಲ್ಲಿ 9,423 ಜನರ ಊರು. 2020ರಲ್ಲಿ 30,174 ಜನರದ್ದು. ಹತ್ತೇ ವರ್ಷದಲ್ಲಿ ಊರು ಮೂರು ಪಟ್ಟು ಹಿಗ್ಗಿತು. ಅದೇ ಹೊತ್ತಿನಲ್ಲಿ ಇಲ್ಲಿನ ಮನೆಮನೆಯ ಲ್ಯಾಪ್‌ಟಾಪುಗಳ ಕಿಂಡಿಗಳು ಮಾತ್ರ ಒಂದೊಂದಾಗಿ ಮುಚ್ಚುತ್ತಾ ಬಂದವು. ಆಪಲ್ 2015ರಲ್ಲಿ ತಂದ ಹನ್ನೆರಡು ಇಂಚಿನ ಮ್ಯಾಕ್‌ಬುಕ್ಕಿನಲ್ಲಿ ಇಯರ್‌ಫೋನಿನ ತೂತು ಬಿಟ್ಟರೆ ಇದ್ದದ್ದು ಒಂದೇ ಟೈಪ್-ಸಿ ಕಿಂಡಿ. ಚಾರ್ಜಿಗೂ ಅದೇ, ಪೆನ್‌ಡ್ರೈವಿಗೂ ಅದೇ. ನಮ್ಮ ಟೆಕ್ಸಸ್ಸಿನ ಡೆಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ 2022ರ ಎಕ್ಸ್‌ಪಿಎಸ್ 13 ಪ್ಲಸ್‌ನಲ್ಲಿ ಇಯರ್‌ಫೋನಿನ ತೂತನ್ನೂ ತೆಗೆದು, ಪೆಟ್ಟಿಗೆಯೊಳಗೆ ಅಡಾಪ್ಟರ್ ಇಟ್ಟು ಕಳಿಸಿತು. ಮೂಗಿಗಿಂತ ಮೂಗುತಿ ಭಾರ ಅನ್ನುವ ಕಾಲ ಶುರುವಾದದ್ದು ಹೀಗೆ.

ಈಗ ಭಾನುವಾರ ಫ್ರಿಸ್ಕೊದ ಕಾರ್ಯಸಿದ್ಧಿ ಹನುಮಾನ್ ದೇವಸ್ಥಾನದಲ್ಲಿ ಪ್ರಸಾದಕ್ಕೆ ನಿಂತಾಗಲೂ ಯಾರಾದರೊಬ್ಬರು ಕೇಳುತ್ತಾರೆ: "ರೀ, ಒಳ್ಳೇ ಯುಎಸ್‌ಬಿ ಹಬ್ ಯಾವುದು ಹೇಳಿ, ಏಳು ಪೋರ್ಟಿಂದು ತಗೊಳ್ಳೋದೋ ಹತ್ತರದ್ದೋ?" ನಾನು ತಿರುಗಿ ಕೇಳುವುದು, "ನಿಮ್ಮ ಲ್ಯಾಪ್‌ಟಾಪ್ ಯಾವುದು? ಅದರ ಕಿಂಡಿ ಎಂಥದ್ದು?" ಅಷ್ಟಕ್ಕೇ ಅವರ ಮುಖ ಸಣ್ಣಗಾಗುತ್ತದೆ. ಹೆಸರು ಕೇಳಿದರೆ ಜಾತಕ ಕೇಳುತ್ತಾನಲ್ಲ ಇವನು ಎಂದು.

ಆದರೆ ವಿಷಯ ಇರುವುದೇ ಅಲ್ಲಿ. ಹಬ್ ಕಿಂಡಿಯ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಲ್ಯಾಪ್‌ಟಾಪಿನ ಒಂದು ಕಿಂಡಿಯಲ್ಲಿ ಎಷ್ಟಿದೆಯೋ ಅಷ್ಟನ್ನು ಹಂಚುತ್ತದೆ. ಡಲ್ಲಾಸ್ ನಾರ್ತ್ ಟೋಲ್‌ವೇಯಲ್ಲಿ ಆಫೀಸಿಗೆ ಹೋಗುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಹೆದ್ದಾರಿ 380ರ ಆಚೆ ಈಚೆ ಎಷ್ಟು ಹೊಸ ಲೇಔಟ್ ಎದ್ದರೂ, ಒಂದೊಂದಕ್ಕೂ ಎಷ್ಟು ಗೇಟ್ ಇಟ್ಟರೂ, ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹತ್ತುವುದು ಅದೇ ರಸ್ತೆಯನ್ನು. ಹಬ್ಬಿನ ಕಿಂಡಿಗಳು ಆ ಗೇಟುಗಳು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಅಚ್ಚು ಹಾಕುವುದು ಗೇಟಿನ ಲೆಕ್ಕವನ್ನು. ರಸ್ತೆಯ ಅಗಲ ಹಿಂಬದಿಯಲ್ಲಿ ಇರುವೆ ಸಾಲಿನ ಅಕ್ಷರದಲ್ಲಿರುತ್ತದೆ, ಇದ್ದರೆ.

ಈ ಕಿಂಡಿಯ ಕಥೆಯಲ್ಲಿ ಟೆಕ್ಸಸ್ಸಿನ ಪಾಲು ಸಣ್ಣದಲ್ಲ. 1990ರ ದಶಕದ ನಡುವೆ ಯುಎಸ್‌ಬಿಯನ್ನು ರೂಪಿಸಲು ಕೂತ ಕಂಪನಿಗಳು ಏಳು: ಇಂಟೆಲ್, ಮೈಕ್ರೋಸಾಫ್ಟ್, ಐಬಿಎಂ, ಡಿಇಸಿ, ಎನ್‌ಇಸಿ, ನಾರ್ಟೆಲ್ ಮತ್ತು ಕಾಂಪ್ಯಾಕ್. ಕಾಂಪ್ಯಾಕ್ ಹ್ಯೂಸ್ಟನ್ನಿನದು, ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಬಿಟ್ಟು ಬಂದ ಮೂವರು 1982ರಲ್ಲಿ ಕಟ್ಟಿದ್ದು, 2002ರಲ್ಲಿ ಎಚ್‌ಪಿಯ ಹೊಟ್ಟೆ ಸೇರಿದ್ದು. ನಾರ್ಟೆಲ್ ಕೆನಡಾದ್ದಾದರೂ ನಮ್ಮ ರಿಚರ್ಡ್‌ಸನ್ನಿನಲ್ಲಿ ದೊಡ್ಡ ಕಚೇರಿ ಇಟ್ಟುಕೊಂಡಿತ್ತು. ಮೊದಲ ಆವೃತ್ತಿ ಹೊರಬಿದ್ದದ್ದು 1996ರ ಜನವರಿಯಲ್ಲಿ. ಅದಕ್ಕೂ ಮೊದಲು ಪ್ರಿಂಟರಿಗೊಂದು ಅಗಲದ ಪಿನ್ನು, ಮೌಸಿಗೊಂದು ದುಂಡನೆಯದು, ಮೋಡೆಮ್ಮಿಗೆ ಇನ್ನೊಂದು. ಹಾಕುವ ಮೊದಲು ಕಂಪ್ಯೂಟರ್ ಆರಿಸಬೇಕು, ಹಾಕಿದ ಮೇಲೆ ಮತ್ತೆ ಹಚ್ಚಬೇಕು. ಆ ಗೋಜಲನ್ನು ಒಂದೇ ಕಿಂಡಿಗೆ ಇಳಿಸಬೇಕೆಂದು ಇಂಟೆಲ್‌ನಲ್ಲಿ ಹಟ ಹಿಡಿದವರು ಬರೋಡಾದಲ್ಲಿ ಓದಿದ ಅಜಯ್ ಭಟ್. ಪಿನ್ನನ್ನು ಎರಡು ಕಡೆಯಿಂದಲೂ ಸಿಗಿಸುವಂತೆ ಮಾಡಬಹುದಿತ್ತು, ಆದರೆ ವೈರೂ ಖರ್ಚೂ ಇಮ್ಮಡಿಯಾಗುತ್ತಿತ್ತು ಎಂದು ಅವರೇ ಆಮೇಲೆ ಹೇಳಿದ್ದಾರೆ. ಒಮ್ಮೆ ಹಾಕಿ, ಹೋಗದೆ, ತಿರುಗಿಸಿ, ಆಗಲೂ ಹೋಗದೆ, ಮತ್ತೆ ತಿರುಗಿಸಿದರೆ ಹೋಗುವ ಆ ಹಳೆಯ ಆಟದ ಕಾರಣ ಅದು. 2014ರಲ್ಲಿ ಬಂದ ಟೈಪ್-ಸಿ ಆ ಆಟವನ್ನು ಮುಗಿಸಿತು. ಹೊಸ ಆಟವೊಂದನ್ನು ಶುರು ಮಾಡಿತು ಅನ್ನುವುದು ನನ್ನ ತಕರಾರು, ಅದಕ್ಕೆ ಬರುತ್ತೇನೆ.

ಡಲ್ಲಾಸಿನ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಇಂದಿಗೂ ಹಬ್ಬಿನ ಹೊಟ್ಟೆಯೊಳಗಿನ ಚಿಪ್ಪನ್ನು ಮಾಡುತ್ತದೆ. 1958ರಲ್ಲಿ ಜ್ಯಾಕ್ ಕಿಲ್ಬಿ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ್ದು ಈ ಕಂಪನಿಯಲ್ಲೇ. 1985ರಲ್ಲಿ ಬೆಂಗಳೂರಿಗೆ ಬಂದು, ಎತ್ತಿನ ಗಾಡಿಯಲ್ಲಿ ಉಪಗ್ರಹದ ಡಿಶ್ ಸಾಗಿಸಿದ ಕಥೆಯನ್ನು ಬಿಟ್ಟುಹೋದದ್ದೂ ಇದೇ ಕಂಪನಿ. ನಮ್ಮಲ್ಲಿ ಅನೇಕರು ಬೆಂಗಳೂರಿನಿಂದ ಇಲ್ಲಿಗೆ ಬಂದ ದಾರಿಯನ್ನು ಮೊದಲು ತೆರೆದದ್ದು ಆ ಡಿಶ್ಶೇ ಎಂದರೆ ತೀರಾ ಉತ್ಪ್ರೇಕ್ಷೆಯಾಗಲಾರದು. ಪ್ರಾಸ್ಪರ್‌ನಿಂದ ಉತ್ತರಕ್ಕಿರುವ ಶೆರ್ಮನ್ನಿನಲ್ಲಿ 2022ರಲ್ಲಿ ಅವರ ಹೊಸ ಚಿಪ್ ಕಾರ್ಖಾನೆಗೆ ಗುದ್ದಲಿ ಪೂಜೆಯಾಯಿತು. ಇಷ್ಟೆಲ್ಲಾ ಇದ್ದೂ ಅಂಗಡಿಯ ಮೊಳೆಯಲ್ಲಿ ತೂಗುವ ಹಬ್ಬುಗಳ ಹೊಟ್ಟೆಯಲ್ಲಿ ಬಹುಪಾಲು ಕೂತಿರುವುದು ತೈವಾನಿನ ವಯಾ ಲ್ಯಾಬ್ಸ್, ಜೆನೆಸಿಸ್ ಲಾಜಿಕ್, ರಿಯಲ್‌ಟೆಕ್ ಚಿಪ್ಪುಗಳು. ಇಪ್ಪತ್ತು ಡಾಲರಿನ ಡಬ್ಬಿಯಲ್ಲೂ ಐವತ್ತರದ್ದರಲ್ಲೂ ಚಿಪ್ಪು ಒಂದೇ ಆಗಿರಬಹುದು. ಬೆಲೆ ನೋಡಿ ಗುಣ ಅಳೆಯುವ ನಮ್ಮ ಅಭ್ಯಾಸ ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ಟೈಪ್-ಸಿಯ ಹೊಸ ಆಟ ಏನೆಂದರೆ, ಹೊರಗಿನಿಂದ ಎಲ್ಲವೂ ಒಂದೇ ಥರ. ಅದೇ ಮೊಟ್ಟೆಯಾಕಾರದ ತೂತು. ಒಳಗೆ ಮಾತ್ರ ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸುವ 2000ನೇ ಇಸವಿಯ ಯುಎಸ್‌ಬಿ 2.0 ಇರಬಹುದು, 5 ಗಿಗಾಬಿಟ್ಟಿನದ್ದು ಇರಬಹುದು, 10ರದ್ದು, 40ರದ್ದೂ ಇರಬಹುದು. ಪರದೆಗೆ ಚಿತ್ರ ಕಳಿಸಬಹುದು, ಕಳಿಸದೆಯೂ ಇರಬಹುದು. ಚಾರ್ಜ್ ತೆಗೆದುಕೊಳ್ಳಬಹುದು, ಇಲ್ಲದಿರಬಹುದು. ಒಂದೇ ಲ್ಯಾಪ್‌ಟಾಪಿನ ಎಡಗಡೆಯ ಕಿಂಡಿ ಒಂದು ಗುಣದ್ದು, ಬಲಗಡೆಯದು ಇನ್ನೊಂದು ಗುಣದ್ದು ಆಗಿರುವುದೂ ಉಂಟು. ಹೆಸರುಗಳಂತೂ ಕೇಳಬೇಡಿ. 2008ರಲ್ಲಿ ಯುಎಸ್‌ಬಿ 3.0 ಎಂದು ಹುಟ್ಟಿದ ಮಗು ಆಮೇಲೆ 3.1 ಜೆನ್ 1 ಆಯಿತು, ಅದಾದ ಮೇಲೆ 3.2 ಜೆನ್ 1 ಆಯಿತು. ವೇಗ ಮಾತ್ರ ಮೂರಕ್ಕೂ ಅದೇ 5 ಗಿಗಾಬಿಟ್. ಆದ್ದರಿಂದ "ಯುಎಸ್‌ಬಿ 3.2" ಎಂದು ಬರೆದ ಪೆಟ್ಟಿಗೆಗೆ ಮರುಳಾಗಬೇಡಿ. ಗಿಗಾಬಿಟ್ ಎಷ್ಟು ಎಂದು ನೋಡಿ. ಅದನ್ನು ಬರೆದಿಲ್ಲವೆಂದರೆ ಬರೆಯುವಂಥದ್ದು ಇಲ್ಲ ಎಂದೇ ಅರ್ಥ.

ನಿಮ್ಮ ಕಿಂಡಿ ಎಂಥದ್ದೆಂದು ತಿಳಿಯಲು ಲ್ಯಾಪ್‌ಟಾಪನ್ನು ಮಗುಚಿ ಕೆಳಗಿರುವ ಮಾಡೆಲ್ ನಂಬರ್ ಓದಿ, ತಯಾರಕರ ವಿವರಪಟ್ಟಿ ಹುಡುಕಿ. ಕಿಂಡಿಯ ಪಕ್ಕದಲ್ಲಿ ಮಿಂಚಿನ ಗುರುತಿದ್ದರೆ ಸಾಮಾನ್ಯವಾಗಿ ಥಂಡರ್‌ಬೋಲ್ಟ್. ಡಿ ಒಳಗೆ ಪಿ ಸೇರಿಸಿದಂಥ ಗುರುತಿದ್ದರೆ ಡಿಸ್‌ಪ್ಲೇಪೋರ್ಟ್, ಅಂದರೆ ಚಿತ್ರ ಹೋಗುತ್ತದೆ. ಈ ಕೆಲಸಕ್ಕೆ ಕಾಫಿ ಆರುವಷ್ಟು ಹೊತ್ತೂ ಬೇಡ, ಆದರೂ ಯಾರೂ ಮಾಡುವುದಿಲ್ಲ.

ಇನ್ನು ಕರೆಂಟಿನ ಮಾತು. ಹಬ್ ಸರಿಯಿಲ್ಲ ಎಂದು ದೂರುವವರ ಮನೆಗೆ ಹೋಗಿ ನೋಡಿದರೆ ಬಹಳ ಸಲ ತಪ್ಪಿರುವುದು ಇಲ್ಲಿ. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆ್ಯಂಪ್. 5 ವೋಲ್ಟಿನ ಲೆಕ್ಕದಲ್ಲಿ ಎರಡೂವರೆ ವ್ಯಾಟ್. 3.0 ಕಿಂಡಿಯದ್ದು 900, ಅಂದರೆ ನಾಲ್ಕೂವರೆ ವ್ಯಾಟ್. ಟೈಪ್-ಸಿ ಆದರೆ 3 ಆ್ಯಂಪ್‌ವರೆಗೆ, 15 ವ್ಯಾಟ್ ಕೊಡಬಲ್ಲದು, ಲ್ಯಾಪ್‌ಟಾಪಿನವರು ಮನಸ್ಸು ಮಾಡಿದ್ದರೆ. ಸ್ವಂತ ಚಾರ್ಜರ್ ಇಲ್ಲದ ಹಬ್ ಈ ಗಂಟಿನಲ್ಲಿ ಮೊದಲು ತನ್ನ ಹೊಟ್ಟೆ ಹೊರೆದುಕೊಂಡು ಉಳಿದದ್ದನ್ನು ಹಂಚಬೇಕು. ಹಳೆಯ ನಿಯಮದ ಪ್ರಕಾರ ಅಂಥ 2.0 ಹಬ್ಬಿನ ಒಂದೊಂದು ಕಿಂಡಿಗೆ ಬರುವ ಪಾಲು 100 ಮಿಲಿಆ್ಯಂಪ್. ಕೀಬೋರ್ಡಿಗೆ, ಮೌಸಿಗೆ ಅದು ಧಾರಾಳ. ಆದರೆ ಒಳಗೆ ತಟ್ಟೆ ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಹಾಕಿ ನೋಡಿ. ತಿರುಗಲು ಶುರು ಮಾಡುವ ಆ ಒಂದೆರಡು ಸೆಕೆಂಡು ಅದು ಒಂದು ಆ್ಯಂಪಿನ ಹತ್ತಿರ ಬೇಡುತ್ತದೆ. ಸಿಗದಿದ್ದರೆ ದೀಪ ಮಿನುಗುತ್ತದೆ, ಒಳಗಿನಿಂದ ಟಿಕ್ ಎನ್ನುತ್ತದೆ, ಸುಮ್ಮನಾಗುತ್ತದೆ, ಮತ್ತೆ ಟಿಕ್. ಕಿವಿ ಹತ್ತಿರ ಇಟ್ಟು ಕೇಳಿದರೆ ತಟ್ಟೆ ಏಳಲು ಹೋಗಿ ಕುಸಿಯುವುದು ಗೊತ್ತಾಗುತ್ತದೆ. ಹಾರ್ಡ್ ಡಿಸ್ಕ್ ಹೋಯಿತು, ಮಗುವಿನ ನಾಮಕರಣದ ಫೋಟೊ ಎಲ್ಲಾ ಹೋಯಿತು ಎಂದು ಮನೆಯಲ್ಲಿ ಗೋಳು. ಏನೂ ಹೋಗಿರುವುದಿಲ್ಲ. ಹಬ್ ಬಿಡಿಸಿ ನೇರ ಲ್ಯಾಪ್‌ಟಾಪಿಗೆ ಹಾಕಿದರೆ ಗುಂಯ್ ಎಂದು ಎದ್ದು ಕೂರುತ್ತದೆ. ಅಂಥ ಡಿಸ್ಕು ಮನೆಯಲ್ಲಿರುವವರು, ಅದರಲ್ಲೂ ಎರಡಿರುವವರು, ಗೋಡೆಗೆ ಸಿಗಿಸುವ ಸ್ವಂತ ಅಡಾಪ್ಟರ್ ಇರುವ ಹಬ್ಬನ್ನೇ ಕೊಳ್ಳಬೇಕು. ಬ್ಯಾಗಿನಲ್ಲಿ ಒಯ್ಯಲು ತೊಡಕು ನಿಜ. ಮೇಜಿನ ಮೇಲಿನ ಹಬ್ ಬೇರೆ, ಬ್ಯಾಗಿನ ಹಬ್ ಬೇರೆ ಎಂದು ಇಟ್ಟುಕೊಂಡರೆ ಆ ತೊಡಕೂ ಇಲ್ಲ.

ಇದರ ತಮ್ಮನೇ ಚಾರ್ಜಿಂಗಿನ ತೊಂದರೆ. "100 ವ್ಯಾಟ್" ಎಂದು ಬರೆದ ಹಬ್ಬಿಗೆ 100 ವ್ಯಾಟಿನ ಚಾರ್ಜರ್ ಚುಚ್ಚಿದರೆ ಲ್ಯಾಪ್‌ಟಾಪಿಗೆ 100 ಸಿಗುವುದಿಲ್ಲ. ಹಬ್ ಸಾಮಾನ್ಯವಾಗಿ ಹತ್ತು ಹದಿನೈದು ವ್ಯಾಟ್ ತನಗೆಂದು ಎತ್ತಿಟ್ಟುಕೊಳ್ಳುತ್ತದೆ. ಕೈಯಲ್ಲಿರುವುದು 65 ವ್ಯಾಟಿನ ಚಾರ್ಜರಾದರೆ ಲ್ಯಾಪ್‌ಟಾಪಿಗೆ ತಲುಪುವುದು ಐವತ್ತರ ಸುಮಾರು. ವಿಡಿಯೊ ಮೀಟಿಂಗ್, ಎರಡು ಪರದೆ, ನಲವತ್ತು ಟ್ಯಾಬ್ ತೆರೆದು ಕೂತವರಿಗೆ ಚಾರ್ಜರ್ ಹಾಕಿದ್ದರೂ ಬ್ಯಾಟರಿ ಇಳಿಯುತ್ತಾ ಹೋಗುವ ಪವಾಡ ಇದರಿಂದಲೇ. ಇನ್ನೊಂದು, ಕೆಲವು ಹಬ್ಬುಗಳಲ್ಲಿ ಚಾರ್ಜರ್ ಕಿತ್ತ ಕ್ಷಣ ಇಡೀ ಹಬ್ ಒಮ್ಮೆ ಸತ್ತು ಹುಟ್ಟುತ್ತದೆ. ಆ ಹೊತ್ತಿಗೆ ಡಿಸ್ಕಿಗೆ ಫೈಲ್ ಹೋಗುತ್ತಿದ್ದರೆ ಕಥೆ ಮುಗಿಯಿತು. ಕೊಂಡ ದಿನವೇ ಮೌಸ್ ಹಾಕಿ, ಚಾರ್ಜರ್ ಕಿತ್ತು ಪರೀಕ್ಷಿಸಿ; ಮೌಸ್ ಒಂದು ಗಳಿಗೆ ನಿಂತರೆ ಅಂಗಡಿಗೆ ವಾಪಸ್ ಕೊಡಿ. ಅಮೆರಿಕದಲ್ಲಿದ್ದು ವಾಪಸ್ ಕೊಡಲು ನಾಚಿಕೆ ಪಡುವವರು ನಮ್ಮವರು ಮಾತ್ರ.

ಪರದೆಯ ವಿಷಯದಲ್ಲಿ ಮೋಸ ಇನ್ನೂ ನಯವಾದದ್ದು. ಪೆಟ್ಟಿಗೆಯ ಮೇಲೆ "4ಕೆ ಎಚ್‌ಡಿಎಂಐ" ಎಂದಿರುತ್ತದೆ. ಎಷ್ಟು ಹರ್ಟ್ಜ್ ಎಂದು ಹುಡುಕಿದರೆ 30. ಸೆಕೆಂಡಿಗೆ ಮೂವತ್ತು ಸಲ ಮಾತ್ರ ಚಿತ್ರ ಬದಲಾಗುವ ಪರದೆಯಲ್ಲಿ ಸಿನಿಮಾ ನೋಡಲು ತೊಂದರೆಯಿಲ್ಲ, ಅದು 24 ಚೌಕಟ್ಟಿನದ್ದು. ಆದರೆ ಮೌಸಿನ ಬಾಣ ಕೈಗಿಂತ ಒಂದು ಹೆಜ್ಜೆ ಹಿಂದೆ ತಡವರಿಸುತ್ತದೆ. ಎಕ್ಸೆಲ್ ಹಾಳೆ ಮೇಲೆ ಕೆಳಗೆ ಎಳೆದರೆ ಸಾಲುಗಳು ಜರ್ಕು ಹೊಡೆಯುತ್ತವೆ. ದಿನಕ್ಕೆ ಎಂಟು ಗಂಟೆ ಅದನ್ನು ನೋಡಿದರೆ ಕಣ್ಣು ಉರಿ. 60 ಹರ್ಟ್ಜ್ ಬೇಕೇ ಬೇಕು.

ಯಾಕೆ 30 ಕೊಡುತ್ತಾರೆ? ಟೈಪ್-ಸಿಯಲ್ಲಿ ವೇಗದ ಓಟಕ್ಕೆ ಇರುವುದು ನಾಲ್ಕು ಓಣಿ. ಸಾಧಾರಣ ಹಬ್ ಎರಡನ್ನು ಚಿತ್ರಕ್ಕೆ, ಎರಡನ್ನು ಪೆನ್‌ಡ್ರೈವ್ ಮೊದಲಾದವಕ್ಕೆ ಬಿಡುತ್ತದೆ. ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟ್ 1.2 ಆಗಿದ್ದರೆ ಎರಡು ಓಣಿಯಲ್ಲಿ 4ಕೆ ಚಿತ್ರ 30 ಹರ್ಟ್ಜಿಗಿಂತ ಮೇಲೆ ಹೋಗುವುದು ಕಷ್ಟ. 1.4 ಆಗಿದ್ದು, ಹಬ್ಬೂ ಅದನ್ನು ಬಲ್ಲದ್ದಾದರೆ ಅದೇ ಎರಡು ಓಣಿಯಲ್ಲಿ 60 ದಕ್ಕುತ್ತದೆ. ಇನ್ನು ಕೆಲವು ಹಬ್ಬುಗಳವರು ಜಾಣರು: ನಾಲ್ಕೂ ಓಣಿಯನ್ನು ಚಿತ್ರಕ್ಕೆ ಕೊಟ್ಟು "60 ಹರ್ಟ್ಜ್" ಎಂದು ಬರೆದು, ಉಳಿದ ಕಿಂಡಿಗಳನ್ನೆಲ್ಲಾ ಸದ್ದಿಲ್ಲದೆ 480 ಮೆಗಾಬಿಟ್ಟಿಗೆ ಇಳಿಸಿಬಿಡುತ್ತಾರೆ. 100 ಗಿಗಾಬೈಟ್ ಫೋಟೊ ವಿಡಿಯೊಗಳನ್ನು 5 ಗಿಗಾಬಿಟ್ ಕಿಂಡಿಯಲ್ಲಿ ಒಳ್ಳೆಯ ಎಸ್‌ಎಸ್‌ಡಿಗೆ ನಾಲ್ಕೈದು ನಿಮಿಷದಲ್ಲಿ ಇಳಿಸಬಹುದು. 480 ಮೆಗಾಬಿಟ್ಟಿನಲ್ಲಿ ಮುಕ್ಕಾಲು ಗಂಟೆ ಹಿಡಿದೀತು. ಎರಡೂ ಡಬ್ಬಿ ನೋಡಲು ಒಂದೇ, ಬೆಲೆಯಲ್ಲೂ ಹೆಚ್ಚು ಅಂತರವಿಲ್ಲ.

ಮ್ಯಾಕ್ ಇರುವವರಿಗೆ ಪ್ರತ್ಯೇಕ ಎಚ್ಚರಿಕೆ. ಎರಡು ಎಚ್‌ಡಿಎಂಐ ಇರುವ ಸಾಧಾರಣ ಹಬ್ ವಿಂಡೋಸಿನಲ್ಲಿ ಎರಡು ಬೇರೆ ಬೇರೆ ಪರದೆ ತೋರಿಸಬಹುದು. ಮ್ಯಾಕಿನಲ್ಲಿ ಎರಡರಲ್ಲೂ ಒಂದೇ ಚಿತ್ರ. ಹಬ್ ಕೆಟ್ಟಿದೆ ಎಂದುಕೊಳ್ಳಬೇಡಿ, ಆಪಲ್ ಆ ದಾರಿಯನ್ನೇ ಬಿಟ್ಟಿಲ್ಲ. ಎಂ1, ಎಂ2 ಚಿಪ್ಪಿನ ಮ್ಯಾಕ್‌ಬುಕ್ ಏರ್ ಹೊರಗಿನ ಪರದೆ ಒಂದಕ್ಕೇ ಸೈ. ಎಂ3 ಮುಚ್ಚಳ ಮುಚ್ಚಿದರೆ ಎರಡಕ್ಕೆ. ಎಂ4 ಮುಚ್ಚಳ ತೆರೆದೇ ಎರಡಕ್ಕೆ. ಹಳೆಯದರಲ್ಲೇ ಎರಡು ಬೇಕೆಂದರೆ ಡಿಸ್‌ಪ್ಲೇಲಿಂಕ್ ಚಿಪ್ಪಿನ ಡಾಕ್ ಕೊಂಡು ಅದರ ಸಾಫ್ಟ್‌ವೇರ್ ಹಾಕಬೇಕು. ಆಫೀಸಿನ ಲ್ಯಾಪ್‌ಟಾಪಾದರೆ ಅದಕ್ಕೆ ಐಟಿ ವಿಭಾಗದ ಅಪ್ಪಣೆ ಬೇಕು. ಕೊಳ್ಳುವ ಮೊದಲು ಕೇಳಿ.

ನೆಟ್‌ವರ್ಕ್ ಕೇಬಲ್ಲಿನ ಕಿಂಡಿ ಇರುವ ಹಬ್ಬಿನ ಒಂದು ವಿಚಿತ್ರವನ್ನು ಹೇಳಲೇಬೇಕು. ನಮ್ಮ ಬೀದಿಯ ಒಬ್ಬರ ಮನೆಯಲ್ಲಿ ಸಂಜೆಯಾದರೆ ಇಂಟರ್ನೆಟ್ ನಿಲ್ಲುತ್ತಿತ್ತು. ಟಿವಿ ಇಲ್ಲ, ಫೋನಿಗೆ ವೈಫೈ ಇಲ್ಲ, ಬಾಗಿಲ ಗಂಟೆಯ ಕ್ಯಾಮೆರಾ ಕೂಡ ಇಲ್ಲ. ಕಂಪನಿಯವರು ಬಂದು ಮೋಡೆಮ್ ಬದಲಿಸಿದರು, ರೌಟರ್ ಬದಲಿಸಿದರು. ಬೆಳಿಗ್ಗೆ ಯಜಮಾನರು ಕೆಲಸಕ್ಕೆ ಕೂತರೆ ಎಲ್ಲ ಸರಿ, ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಸೋಫಾಕ್ಕೆ ಹೋದರೆ ಮತ್ತೆ ಕತ್ತಲು. ಮನೆಯೊಡತಿ ತಮಾಷೆಗೆ, "ನೀವು ಕೆಲಸ ಬಿಟ್ಟೇಳೋದು ಇಂಟರ್ನೆಟ್ಟಿಗೇ ಇಷ್ಟ ಇಲ್ಲ ಕಣ್ರೀ" ಎಂದರಂತೆ. ಅವರ ಮಾತಿನಲ್ಲೇ ಸುಳಿವಿತ್ತು. ಲ್ಯಾಪ್‌ಟಾಪ್ ಕಿತ್ತ ಮೇಲೂ ಹಬ್ಬಿಗೆ ಚಾರ್ಜರ್ ಹಾಗೇ ಇತ್ತು, ನೆಟ್‌ವರ್ಕ್ ಕೇಬಲ್ಲೂ ಹಾಗೇ ಇತ್ತು. ಯಜಮಾನನಿಲ್ಲದ ಹಬ್ "ತಡಿ, ತಡಿ, ಕಳಿಸಬೇಡ" ಅನ್ನುವ ಸಂದೇಶವನ್ನು ಒಂದೇ ಸಮನೆ ಮನೆಯ ನೆಟ್‌ವರ್ಕಿಗೆ ಸುರಿಯುತ್ತಿತ್ತು. ದಟ್ಟಣೆ ತಡೆಯಲೆಂದು ಇಟ್ಟ ಸಂದೇಶ ಅದು. ಸಾಧಾರಣ ಸ್ವಿಚ್ಚು ರೌಟರುಗಳು ಅದನ್ನು ಶಿರಸಾವಹಿಸಿ ಪಾಲಿಸಿ ಸ್ತಬ್ಧವಾಗುತ್ತವೆ. ಕೆಲವು ನೆಟ್‌ವರ್ಕ್ ಚಿಪ್ಪುಗಳಿರುವ ಹಬ್ ಡಾಕ್‌ಗಳಲ್ಲಿ ಇದು ಗೊತ್ತಿರುವ ಕಾಯಿಲೆ. ಕೆಲವು ರೌಟರು, ಸ್ವಿಚ್ಚುಗಳಲ್ಲಿ ಫ್ಲೋ ಕಂಟ್ರೋಲ್ ಆರಿಸಿದರೆ ನಿಲ್ಲುತ್ತದೆ, ಇಲ್ಲವೇ ಎದ್ದು ಹೋಗುವಾಗ ಹಬ್ಬಿನಿಂದ ಕೇಬಲ್ ಕಿತ್ತರಾಯಿತು.

ವೈರಿಲ್ಲದ ಮೌಸ್ ಹಬ್ ಹಾಕಿದ ಮೇಲೆ ಕುಂಟತೊಡಗಿದರೆ ಅದಕ್ಕೂ ಕಾರಣವುಂಟು. 5 ಗಿಗಾಬಿಟ್ ಯುಎಸ್‌ಬಿ ಓಡುವಾಗ 2.4 ಗಿಗಾಹರ್ಟ್ಜ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ಮೌಸಿನ ಪುಟ್ಟ ಡಾಂಗಲ್ ಮಾತನಾಡುವುದು ಅದೇ ಅಲೆಯಲ್ಲಿ. ಡಾಂಗಲನ್ನು ಹಬ್ಬಿನಿಂದ ದೂರದ ಕಿಂಡಿಗೆ ಹಾಕಿ, ಇಲ್ಲವೇ ಗೇಣುದ್ದದ ಎಕ್ಸ್‌ಟೆನ್ಶನ್ ವೈರಿನಲ್ಲಿ ಹೊರತನ್ನಿ.

ಎಲ್ಲರಿಗೂ ಹಬ್ ಬೇಕಾಗಿಯೂ ಇಲ್ಲ. ಎದುರುಮನೆಗೆ ಹಾಸನದಿಂದ ಬಂದಿದ್ದ ತಾಯಿ, ಮದುವೆ ಫೋಟೊಗಳ ಪೆನ್‌ಡ್ರೈವ್ ಹಿಡಿದು ಮಗನನ್ನು ಕೇಳಿದರಂತೆ: "ಏನೋ ಇದು, ಅಷ್ಟು ದುಡ್ಡು ಕೊಟ್ಟು ತಂದಿದೀಯ, ಒಂದು ಪೆನ್‌ಡ್ರೈವ್ ಹಾಕಕ್ಕೆ ಜಾಗ ಇಲ್ವೇನೋ?" ಮಗ ಅರವತ್ತು ಡಾಲರಿನ ಹಬ್ ತರಿಸಿದ. ಆ ತಾಯಿಗೆ ಬೇಕಾಗಿದ್ದದ್ದು ಊರಿನಲ್ಲಿ ಎಲ್ಲರೂ ಓಟಿಜಿ ಎನ್ನುವ, ಹೆಬ್ಬೆರಳ ಉಗುರಿನಷ್ಟರ ಒಂದು ತುಂಡು. ಇನ್ನು ಹೊಸ ಮಾನಿಟರ್ ಕೊಳ್ಳುವ ಯೋಚನೆಯಿದ್ದರೆ ಹಬ್ ಒಳಗೇ ಇರುವುದನ್ನು ಕೊಳ್ಳಿ. ಡೆಲ್‌ನ ಯು2723ಕ್ಯೂಇ ಥರದವು ಒಂದೇ ಟೈಪ್-ಸಿ ವೈರಿನಲ್ಲಿ ಚಿತ್ರ ತೆಗೆದುಕೊಂಡು, 90 ವ್ಯಾಟ್ ಚಾರ್ಜ್ ಕೊಟ್ಟು, ಬೆನ್ನಿಗೆ ಯುಎಸ್‌ಬಿ ಕಿಂಡಿಗಳನ್ನೂ ನೆಟ್‌ವರ್ಕ್ ಕಿಂಡಿಯನ್ನೂ ಒದಗಿಸುತ್ತವೆ. ಮೇಜಿನ ಮೇಲೆ ಡಬ್ಬಿಯೇ ಇಲ್ಲ. ಇನ್ನೂರು ಮುನ್ನೂರು ಡಾಲರಿನ ಥಂಡರ್‌ಬೋಲ್ಟ್ ಡಾಕ್ ಎರಡು 4ಕೆ ಪರದೆ ಇಟ್ಟು ವಿಡಿಯೊ ಕತ್ತರಿಸುವವರಿಗೆ ಸರಿ; ಇಮೇಲ್ ಓದಿ ಜೂಮಿನಲ್ಲಿ ತಲೆಯಾಡಿಸುವ ನಮ್ಮಂಥವರಿಗೆ ಅದು ಪ್ರದರ್ಶನದ ಸಾಮಾನು.

ಕೊಳ್ಳುವುದೆಲ್ಲಿ? 2021ರ ಫೆಬ್ರುವರಿಯಲ್ಲಿ ಫ್ರೈಸ್ ಎಲೆಕ್ಟ್ರಾನಿಕ್ಸ್ ಅಂಗಡಿಗಳೆಲ್ಲಾ ಒಂದೇ ದಿನ ಬಾಗಿಲು ಹಾಕಿದ ಮೇಲೆ, ಪ್ಲೇನೋದಲ್ಲಿ ಸುಮ್ಮನೆ ಸುತ್ತಾಡಿ ಡಬ್ಬಿ ಮಗುಚಿ ಓದುವ ಸುಖ ಹೋಯಿತು. ಈಗ ಅದಕ್ಕೆ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇ ಪಕ್ಕದ ಮೈಕ್ರೋ ಸೆಂಟರಿಗೆ ಇಳಿಯಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಗಡಿಯವನೇ ಹಬ್ ಬಿಚ್ಚಿ, ಪೆನ್‌ಡ್ರೈವ್ ಹಾಕಿ, "ನೋಡಿ ಸಾರ್, ಓಡ್ತಾ ಇದೆ" ಎಂದು ತೋರಿಸಿ ಕೊಡುವ ಸೌಲಭ್ಯ ಇಲ್ಲಿಲ್ಲ. ಊರಿಗೆ ಹೋಗುವಾಗ "ಅಮೆರಿಕದ ಹಬ್ ತಗೊಂಡು ಬಾ" ಎನ್ನುವ ಭಾವಮೈದುನರಿಗೆ ಹೇಳಿಬಿಡಿ: ಇಲ್ಲಿ ಸಿಗುವುದೂ ಹೆಚ್ಚಿನವು ಚೀನಾದಲ್ಲಿ ಜೋಡಿಸಿದವೇ, ಎಸ್.ಪಿ. ರೋಡಿನದೂ ಅದೇ. ಚೀನಾದಿಂದ ನೇರ ಅಗ್ಗಕ್ಕೆ ತರಿಸುವ ದಾರಿಯೂ ಈಗ ಮುಂಚಿನಷ್ಟು ಸಲೀಸಲ್ಲ. 800 ಡಾಲರಿನೊಳಗಿನ ಪಾರ್ಸೆಲ್ಲಿಗೆ ಇದ್ದ ಸುಂಕದ ವಿನಾಯಿತಿ 2025ರ ಮೇ ತಿಂಗಳಲ್ಲಿ ಚೀನಾದ ಮಾಲಿಗೆ ನಿಂತಿತು, ಆಗಸ್ಟಿನಲ್ಲಿ ಎಲ್ಲ ದೇಶಗಳಿಗೂ.

ತೆರಿಗೆಯ ಮಾತು ಬಂದಿತಲ್ಲ. ಶಾಲೆ ಶುರುವಾಗುವ ಮುನ್ನ ಆಗಸ್ಟಿನಲ್ಲಿ ಟೆಕ್ಸಸ್ ಸರ್ಕಾರ ಒಂದು ವಾರಾಂತ್ಯ ಮಾರಾಟ ತೆರಿಗೆಗೆ ರಜೆ ಕೊಡುತ್ತದೆ. ಬಟ್ಟೆ, ಚೀಲ, ನೋಟ್‌ಬುಕ್ಕಿನಂಥವಕ್ಕೆ ಮಾತ್ರ. ಲ್ಯಾಪ್‌ಟಾಪಿಗೂ ಇಲ್ಲ, ಹಬ್ಬಿಗೂ ಇಲ್ಲ, 8.25 ಶೇಕಡಾ ಕಟ್ಟಲೇಬೇಕು. ಏಪ್ರಿಲ್ಲಿನಲ್ಲಿ ಬಿರುಗಾಳಿ ಸಿದ್ಧತೆಗೆಂದು ಇನ್ನೊಂದು ರಜೆಯಿದೆ. ಅದರ ಪಟ್ಟಿಯಲ್ಲಿ 75 ಡಾಲರಿನೊಳಗಿನ ಮೊಬೈಲ್ ಚಾರ್ಜರಿಗೆ ಜಾಗವುಂಟು. ಮಕ್ಕಳು ಹೋಂವರ್ಕ್ ಮಾಡುವುದು ಲ್ಯಾಪ್‌ಟಾಪಿನಲ್ಲಿ, ತೆರಿಗೆ ರಜೆ ಪೆನ್ಸಿಲಿಗೆ. ಪಟ್ಟಿ ಮಾಡಿದವರು ಈಚೆಗೆ ಯಾವ ಶಾಲೆಯೊಳಗೂ ಇಣುಕಿದಂತಿಲ್ಲ.

ನಾಗರಿಕನಾಗಿ ನನ್ನ ಬೇಡಿಕೆ ಇಷ್ಟೆ. ಹಬ್ಬಿನ ಪೆಟ್ಟಿಗೆಯ ಮುಖದ ಮೇಲೆ ಮೂರು ಅಂಕಿ ಇರಬೇಕು: ಲ್ಯಾಪ್‌ಟಾಪಿನ ಕಡೆಗೆ ಒಟ್ಟು ಎಷ್ಟು ಗಿಗಾಬಿಟ್; ಪರದೆ 60 ಹರ್ಟ್ಜಿನಲ್ಲಿ ಓಡುತ್ತಿರುವಾಗ ಉಳಿದ ಕಿಂಡಿಗಳಿಗೆ ಎಷ್ಟು; ಕೊನೆಗೆ ಲ್ಯಾಪ್‌ಟಾಪಿಗೆ ಮುಟ್ಟುವ ವ್ಯಾಟ್ ಎಷ್ಟು. ಯುಎಸ್‌ಬಿ ಸಂಸ್ಥೆಯೇ 2022ರಲ್ಲಿ ಹಳೆಯ ಹೆಸರುಗಳನ್ನು ಬದಿಗಿಟ್ಟು ಗಿಗಾಬಿಟ್ಟನ್ನೇ ಬರೆಯಿರಿ ಎಂದಿತು. ಆದರೆ ಅದು ಸಲಹೆ, ಕಾನೂನಲ್ಲ. ಯುರೋಪಿನಲ್ಲಿ ಚಾರ್ಜಿನ ಮಟ್ಟಿಗಾದರೂ ಕಾನೂನಾಗಿದೆ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರುವ ಹೊಸ ಫೋನುಗಳಿಗೆ ಟೈಪ್-ಸಿ ಕಡ್ಡಾಯ, ಲ್ಯಾಪ್‌ಟಾಪಿಗೆ 2026ರ ಏಪ್ರಿಲ್ 28 ಗಡುವು, ಎಷ್ಟು ವ್ಯಾಟ್ ಬೇಕೆಂಬ ಗುರುತು ಪೆಟ್ಟಿಗೆಯ ಮೇಲಿರಬೇಕು. ಬ್ರೆಡ್ಡಿನ ಪೊಟ್ಟಣದ ಮೇಲೆ ಸಕ್ಕರೆ ಎಷ್ಟು ಗ್ರಾಂ ಎಂದು ಬರೆಸುವ ಅಮೆರಿಕಕ್ಕೆ ಇದೇನು ದೊಡ್ಡ ಕೆಲಸ? ಯುಎಸ್‌ಬಿಯನ್ನು ಹೆತ್ತ ಏಳು ಕಂಪನಿಗಳಲ್ಲಿ ಒಂದು ನಮ್ಮ ರಾಜ್ಯದ್ದಾಗಿತ್ತು. ಆಸ್ಟಿನ್ನಿನ ಶಾಸಕರು ಇದನ್ನು ಪರವೂರಿನ ಪಂಚಾಯಿತಿ ಎಂದುಕೊಳ್ಳಬೇಕಾಗಿಲ್ಲ.

ಅಲ್ಲಿಯವರೆಗೆ ನಮ್ಮ ಸಂಘಗಳಾದರೂ ಒಂದು ಕೆಲಸ ಮಾಡಬಹುದು. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘವಿರಲಿ, ಹ್ಯೂಸ್ಟನ್ನಿನ ಕನ್ನಡ ವೃಂದವಿರಲಿ, ಆಸ್ಟಿನ್ ಕನ್ನಡ ಸಂಘವಿರಲಿ, ರಾಜ್ಯೋತ್ಸವ, ಯುಗಾದಿ ಬಂತೆಂದರೆ ವೇದಿಕೆಯ ಪಕ್ಕದಲ್ಲಿ ಯಾರೋ ಪುಣ್ಯಾತ್ಮರ ಲ್ಯಾಪ್‌ಟಾಪ್ ಇರುತ್ತದೆ. ಅದಕ್ಕೆ ಪ್ರೊಜೆಕ್ಟರಿನ ಎಚ್‌ಡಿಎಂಐ, ಕರೋಕೆ ಹಾಡುಗಳ ಪೆನ್‌ಡ್ರೈವ್, ಸೌಂಡ್ ಬೋರ್ಡಿನ ವೈರು, ಸ್ಲೈಡ್ ಬದಲಿಸುವ ಕ್ಲಿಕ್ಕರ್, ಮೇಲೆ ಚಾರ್ಜರ್, ಎಲ್ಲಾ ಬೇಕು. ಇರುವುದು ಎರಡು ಕಿಂಡಿ. ಪುಟಾಣಿಗಳು ಕೋಲಾಟಕ್ಕೆ ಸಾಲು ನಿಂತಿರುವಾಗ "ಯಾರ ಹತ್ರಾದ್ರೂ ಹಬ್ ಇದೆಯೇನ್ರಪ್ಪಾ" ಎಂದು ಮೈಕಿನಲ್ಲಿ ಕೂಗುವ ಬದಲು ಸಂಘದ ಲೆಕ್ಕದಲ್ಲೇ ಒಂದನ್ನು ತಂದಿಡಿ: ಸ್ವಂತ ಅಡಾಪ್ಟರ್ ಇರುವಂಥದ್ದು, 60 ಹರ್ಟ್ಜಿನದ್ದು, ವೈರ್ ಕಿತ್ತು ಬದಲಿಸಲು ಬರುವಂಥದ್ದು, ಯಾಕೆಂದರೆ ಮೊದಲು ಸಾಯುವುದು ಹಬ್ಬಿಗೇ ಅಂಟಿಸಿದ ಆ ಗಿಡ್ಡ ಬಾಲ. ಡಬ್ಬಿಯ ಬೆನ್ನಿಗೆ ಮಾರ್ಕರಿನಲ್ಲಿ ಸಂಘದ ಹೆಸರು ಬರೆಯುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಊಟದ ಸಾಲು ಕರಗುವಷ್ಟರಲ್ಲಿ ಅದು ಯಾರದೋ ಬ್ಯಾಗಿನಲ್ಲಿ ನಮ್ಮ ಪಕ್ಕದೂರು ಸೆಲೈನಾ ತಲುಪಿರುತ್ತದೆ.